ಬುಧವಾರದ ಪೆಟ್ಟಿಗೆ

ಆರ್.ಟಿ. ನಗರ, ಬೆಂಗಳೂರು
3 ಆಗಸ್ಟ್ 2025, ಭಾನುವಾರ

ಪ್ರೀತಿಯ ರೆಜಿ ಅತ್ತೆಗೆ,

ನಿಮ್ಮ ಜ್ಞಾನಮಗಳು ಅಮಲಾಳ ನಮಸ್ಕಾರಗಳು. ಮಾವನಿಗೂ ತಿಳಿಸಿ. ಮೊದಲು ನೀವು ಕಾಯುತ್ತಿರುವ ಸುದ್ದಿ. ಅಜ್ಜಿ ಚೆನ್ನಾಗಿದ್ದಾಳೆ. ಇವತ್ತು ಬೆಳಿಗ್ಗೆ ಚರ್ಚಿನ ಪೂಜೆಗೂ ಬಂದಳು, ನೀವು ಮೈಸೂರಿನಿಂದ ತಂದುಕೊಟ್ಟ ನೀಲಿ ಸ್ಕಾರ್ಫನ್ನು ಕತ್ತಿಗೆ ಸುತ್ತಿಕೊಂಡು. ಹೊಲಿಗೆ ಒಣಗಿದೆ. ಧ್ವನಿ ಮಾತ್ರ ಇನ್ನೂ ಬಂದಿಲ್ಲ, ಬರೀ ಪಿಸುಮಾತು. ಜಪಸರ ಹೇಳಿಸುವಾಗ ಬೀದಿಯ ಆ ಕೊನೆಗೂ ಕೇಳಿಸುತ್ತಿದ್ದ ನಿಮ್ಮ ಅಮ್ಮ ಈಗ ಪಿಸುಮಾತಿನಲ್ಲೇ ನನ್ನನ್ನು ಬೈಯುತ್ತಾಳೆ. ಬೈಗುಳದಲ್ಲಿ ಮಾತ್ರ ಏನೂ ಕಡಿಮೆ ಮಾಡಿಲ್ಲ.

ಇನ್ನು ವಿಷಯ. ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ನನ್ನನ್ನು ಎರಡು ಪ್ರಶ್ನೆ ಕೇಳಿದಿರಿ. ಜೂನ್ ಹನ್ನೆರಡಕ್ಕೆ ಗೊತ್ತಾಗಿದ್ದ ಆಪರೇಷನ್ ಜುಲೈ ಹದಿನೇಳಕ್ಕೆ ಯಾಕೆ ಹೋಯಿತು ಎಂಬುದು ಒಂದು. ಚರ್ಚಿನ ದೃಢೀಕರಣ ಸಂಸ್ಕಾರಕ್ಕೆ ನಾನಿನ್ನೂ ಯಾಕೆ ಹೆಸರು ಕೊಟ್ಟಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮನೆಯವರೆಲ್ಲ ಸೇರಿ ಬಿ.ಪಿ. ಹೆಚ್ಚಾಗಿತ್ತು ಅಂದೆವು. ಎರಡನೆಯದಕ್ಕೆ ನಾನು ಸೆಕೆಂಡ್ ಪಿಯುಸಿ ಪರೀಕ್ಷೆಯ ನೆಪ ಹೇಳಿದೆ. ಎರಡೂ ಸುಳ್ಳು ಅತ್ತೆ. ಎರಡಕ್ಕೂ ಉತ್ತರ ಒಂದೇ, ಅದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಬರೆದು ಪೆಟ್ಟಿಗೆಗೆ ಹಾಕಬೇಕು ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ, ಹಾಗಾಗಿ ಇದು ಅಂಚೆ ಪೆಟ್ಟಿಗೆಗೆ ಹೋಗುತ್ತದೆ.

ಮೂರು ವರ್ಷದ ಹಿಂದೆ ಮಾವನಿಗೆ ವರ್ಗವಾಗಿ ನೀವು ಮೈಸೂರಿಗೆ ಹೊರಟಾಗ ನನ್ನ ಕೈಗೆ ಆ ಪುಟ್ಟ ಬೀಗದ ಕೈ ಕೊಟ್ಟಿರಿ. ನನಗಾಗ ಹದಿನಾಲ್ಕು. ಚರ್ಚಿನಲ್ಲಿ ಮಾತೆಯ ಸ್ವರೂಪದ ಕೆಳಗಿರುವ ಮರದ ಪೆಟ್ಟಿಗೆಯನ್ನು ಪ್ರತಿ ಬುಧವಾರ ಐದು ಗಂಟೆಗೆ ತೆರೆಯಬೇಕು, ಪೀಠದ ಹಿಂದಿನ ಕೋಣೆಯಲ್ಲಿ ಕುಳಿತು ಜನ ಬರೆದು ಹಾಕಿದ ಚೀಟಿಗಳನ್ನು ವಿಂಗಡಿಸಬೇಕು, ಆರೂವರೆಯ ನೊವೇನಾ ಪ್ರಾರ್ಥನೆಯಲ್ಲಿ ಮೈಕಿನ ಮುಂದೆ ನಿಂತು ಓದಬೇಕು. ಬೇಡಿಕೆಗಳು ಒಂದು ಗುಡ್ಡೆ, ಕೃತಜ್ಞತೆಗಳು ಒಂದು ಗುಡ್ಡೆ. ಯಾರ ಹೆಸರನ್ನೂ ಓದಬಾರದು. ಅವರ ಮಾತನ್ನು ತಿದ್ದಬಾರದು. ಯಾರಿಗಾದರೂ ಕೇಡಾಗಲಿ ಎಂದು ಬರೆದಿದ್ದರೆ ಹರಿದು ಹಾಕಬೇಕು. ಇಷ್ಟು ಹೇಳಿ ನೀವು ಬಸ್ಸು ಹತ್ತಿದಿರಿ. ಬೇಡಿಕೆಯ ಗುಡ್ಡೆ ಬೆಟ್ಟದಷ್ಟಿದ್ದು ಕೃತಜ್ಞತೆಯ ಕಡೆ ನಾಲ್ಕೇ ಚೀಟಿ ಇದ್ದರೆ ಓದುವವಳಿಗೆ ಏನಾಗುತ್ತದೆ ಎಂಬುದನ್ನು ಮಾತ್ರ ನೀವು ಹೇಳಲಿಲ್ಲ.

ನನಗೆ ಅನುಮಾನ ಹುಟ್ಟಿದ್ದು ಪುಸ್ತಕ ಓದಿ ಅಲ್ಲ. ಕಾಲೇಜಿನಲ್ಲಿ ನನ್ನ ಪಕ್ಕ ಕೂರುವ ರಕ್ಷಾ ದೇವರೆಲ್ಲ ಸುಳ್ಳು ಅಂತ ದಿನಕ್ಕೆರಡು ಸಲ ಹೇಳುತ್ತಾಳೆ, ಲ್ಯಾಬ್ ಪರೀಕ್ಷೆಯ ದಿನ ಹಣೆಗೆ ಕುಂಕುಮ ಇಟ್ಟುಕೊಂಡು ಬರುತ್ತಾಳೆ. ಅವಳ ಮಾತಿಗೆ ನಾನು ತಲೆ ಕೆಡಿಸಿಕೊಂಡವಳಲ್ಲ. ನನ್ನ ತಲೆ ಕೆಡಿಸಿದ್ದು ಹಸಿರು ಇಂಕಿನ ಒಂದು ಚೀಟಿ. ಸುಗ್ರಾ ಎಂಬ ಹೆಸರಿರುತ್ತಿತ್ತು. ನಮ್ಮ ಬಡಾವಣೆಯವರೇ, ಕೊನೆಯ ಬೆಂಚಿನಲ್ಲಿ ದುಪಟ್ಟಾ ತಲೆಗೆಳೆದುಕೊಂಡು ಕೂರುತ್ತಾರೆ. ಐದು ವರ್ಷದ ಮಗ ಮಾತಾಡುವುದಿಲ್ಲ, ಒಂದು ಸಲ ಅಮ್ಮೀ ಅನ್ನಲಿ, ಅಷ್ಟೇ ಬೇಡಿಕೆ. ಎರಡು ವರ್ಷ ಪ್ರತಿ ವಾರ ಬರೆದರು. ಮೊದಲು ಒಂದು ಪುಟ ಬರುತ್ತಿತ್ತು, ಆಮೇಲೆ ಅರ್ಧ ಪುಟ. ಈ ವರ್ಷದ ಮೊದಲ ಬುಧವಾರ ಬಂದ ಚೀಟಿಯಲ್ಲಿ ‘ನಿನಗೇ ಗೊತ್ತು ತಾಯಿ’ ಅಂತ ಒಂದೇ ಸಾಲಿತ್ತು. ಅದನ್ನು ಓದುವಾಗ ನನಗೆ ಸಿಟ್ಟು ಬಂತು. ಗೊತ್ತಿದ್ದರೆ ಇಷ್ಟು ದಿನ ಓದಿಸಿದ್ದು ಯಾಕೆ? ಗೊತ್ತಿಲ್ಲದಿದ್ದರೆ ನಾನು ಓದುತ್ತಿರುವುದು ಯಾರಿಗೆ? ಈ ಎರಡು ಪ್ರಶ್ನೆ ಅವತ್ತು ಮನೆಗೆ ಬಂದವು, ಆಮೇಲೆ ಹೋಗಲಿಲ್ಲ. ಹಸಿರು ಇಂಕಿನ ಚೀಟಿ ಅಲ್ಲಿಗೆ ನಿಂತಿತು, ಸುಗ್ರಾ ಮಾತ್ರ ಬರುತ್ತಲೇ ಇದ್ದರು.

ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ, ಮಾರ್ಚ್ ಹತ್ತೊಂಬತ್ತರಂದು, ಪೆಟ್ಟಿಗೆಯಲ್ಲಿ ಒಂದೇ ಒಂದು ಕೃತಜ್ಞತೆಯ ಚೀಟಿಯೂ ಇರಲಿಲ್ಲ. ಫಾದರ್ ರಾಯಪ್ಪ, ಇಲ್ಲದಿದ್ದರೆ ಬಿಡಮ್ಮ, ಮುಂದಿನ ಗೀತೆಗೆ ಹೋಗೋಣ ಅಂದರು. ಅವರಿಗೇನು, ಪೀಠದ ಮೇಲಿರುವವರು. ಮೈಕಿನ ಮುಂದೆ ನಿಲ್ಲುವವಳಿಗೆ ಬೆಂಚು ಕಾಣುತ್ತದೆ. ಬೇಡಿಕೆ ಓದುವಾಗ ಎಲ್ಲರ ತಲೆ ತಗ್ಗಿರುತ್ತದೆ, ಒಬ್ಬೊಬ್ಬರೂ ತಮ್ಮದು ಬಂತಾ ಅಂತ ಕಾಯುತ್ತಿರುತ್ತಾರೆ. ಕೃತಜ್ಞತೆ ಶುರುವಾದಾಗ ಮಾತ್ರ ತಲೆಗಳು ಏಳುತ್ತವೆ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬಂದವರೂ ಆ ಹೊತ್ತಿಗೆ ಒಳಗೆ ಬಂದು ಬಾಗಿಲ ಬಳಿ ನಿಂತಿರುತ್ತಾರೆ. ಅವತ್ತು ಸುಗ್ರಾ ಅವರೂ ಇದ್ದರು. ಈ ವಾರ ಯಾರಿಗೂ ಏನೂ ಸಿಗಲಿಲ್ಲ ಅಂತ ಅವರ ಮುಖ ನೋಡಿಕೊಂಡು ಹೇಗೆ ಹೇಳಲಿ? ಫಿಸಿಕ್ಸ್ ರೆಕಾರ್ಡಿನ ಒಂದು ಹಾಳೆ ಹರಿದು, ಎಂಟು ತಿಂಗಳು ಕೆಲಸವಿಲ್ಲದೆ ಇದ್ದವನಿಗೆ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು, ಮಾತೆಗೆ ಕೋಟಿ ವಂದನೆ ಎಂದು ನಾನೇ ಬರೆದೆ, ನಾನೇ ಓದಿದೆ. ತಲೆಗಳು ಎದ್ದವು. ಹಿಂದಿನ ಬೆಂಚಿನ ತಲೆಯೂ ಎದ್ದಿತು.

ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಸಣ್ಣ ಪಾಪ. ನಾನು ನಿಲ್ಲಿಸಲಿಲ್ಲ. ಜೂನ್ ಮೊದಲ ವಾರದೊಳಗೆ ಎಂಟು ಪತ್ರ ಬರೆದೆ. ನಿಜ ಹೇಳುತ್ತೇನೆ, ನನಗೆ ಅದರಲ್ಲಿ ಜಂಬವೂ ಬಂದಿತ್ತು. ಕಳೆದುಹೋಗಿದ್ದ ಮಾರ್ಕ್ಸ್ ಕಾರ್ಡು ಅಕ್ಕಿ ಡಬ್ಬದಲ್ಲಿ ಸಿಕ್ಕಿತು ಅಂತ ಬರೆದಾಗ ಗಾಯನವೃಂದದವರು ಕಣ್ಣೊರೆಸಿಕೊಂಡರು. ನಮ್ಮ ಚರ್ಚಿನಲ್ಲಿ ಎಲ್ಲರಿಗಿಂತ ಕಡಿಮೆ ನಂಬಿಕೆ ಇದ್ದವಳು ನಾನು, ಎಲ್ಲರ ನಂಬಿಕೆಗೆ ಸಾಕ್ಷಿ ಒದಗಿಸುತ್ತಿದ್ದವಳೂ ನಾನೇ. ಮನೆಗೆ ಬಂದು ರೊಟ್ಟಿ ತಿನ್ನುವಾಗ ಇದನ್ನು ನೆನೆದು ಒಬ್ಬಳೇ ನಗುತ್ತಿದ್ದೆ. ಆಮೇಲೆ ನಿದ್ದೆ ಬರುತ್ತಿರಲಿಲ್ಲ.

ಮೇ ಕೊನೆಯಲ್ಲಿ ಅಜ್ಜಿಯ ಗಂಟಲಿನ ಗಂಟು ನಮಗೆಲ್ಲ ಗೊತ್ತಾಯಿತು. ಸೂಜಿ ಚುಚ್ಚಿ ನೋಡಿದ ಡಾಕ್ಟರು ಇದನ್ನು ಬಿಡುವ ಹಾಗಿಲ್ಲ, ತೆಗೆಯಲೇಬೇಕು ಅಂತ ಜೂನ್ ಹನ್ನೆರಡು ಗೊತ್ತು ಮಾಡಿದರು. ನೀವು ಫೋನಿನಲ್ಲಿ ಧೈರ್ಯ ಹೇಳಿದಿರಿ, ಅಜ್ಜಿ ಹೂಂ ಹೂಂ ಅಂದಳು. ಫೋನು ಇಟ್ಟ ಮೇಲೆ ಹೇಗಿದ್ದಳು ಅಂತ ನೀವು ನೋಡಲಿಲ್ಲ. ನಿಮ್ಮನ್ನೂ ಅಪ್ಪನನ್ನೂ ಮನೆಯಲ್ಲೇ ಹೆತ್ತವಳು, ಆಸ್ಪತ್ರೆಯ ಮಂಚದಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ. ಗ್ಯಾನ ತಪ್ಸಿ ಕತ್ತು ಕುಯ್ತಾರಂತೆ ಕಣಮ್ಮಿ, ಮತ್ತೆ ಎಚ್ಚರಾಗ್ದಿದ್ರೆ ಅಂತ ನನ್ನನ್ನು ಮೆಲ್ಲಗೆ ಕೇಳಿದಳು. ಊಟ ಬಿಟ್ಟಳು. ಮುದ್ದೆಯನ್ನು ತಟ್ಟೆಯ ಅಂಚಿಗೆ ತಳ್ಳಿ ಕೂರುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಜೂನ್ ನಾಲ್ಕರ ಬುಧವಾರ ನಾನು ಅಜ್ಜಿಗಾಗಿಯೇ ಒಂದು ಪತ್ರ ಬರೆದೆ. ಅರವತ್ತು ದಾಟಿದ ಒಬ್ಬ ತಾಯಿ, ಗಂಟಲಿನಲ್ಲಿ ಗಂಟು, ಬಹಳ ಹೆದರಿದ್ದರು, ಮಾತೆಯನ್ನು ನಂಬಿದರು. ಇಲ್ಲಿಯವರೆಗೆ ಸರಿಯಿತ್ತು. ಆಪರೇಷನ್ ಸುಸೂತ್ರವಾಗಿ ಆಯಿತು ಅಂತ ಮುಗಿಸಬೇಕು ಅಂದುಕೊಂಡೇ ಕುಳಿತಿದ್ದೆ. ಹಾಗೆ ಮುಗಿಸಿದ್ದರೆ ನಿಮಗೆ ಈ ಕಾಗದವೇ ಬರುತ್ತಿರಲಿಲ್ಲ. ಆದರೆ ಬರೆಯುತ್ತಾ ಬರೆಯುತ್ತಾ ನನ್ನ ಕೈ ನನ್ನ ಆಸೆಯ ಕಡೆ ಹೋಯಿತು. ಕೊನೆಯ ಸ್ಕ್ಯಾನಿನಲ್ಲಿ ಗಂಟೇ ಇರಲಿಲ್ಲ, ಆಪರೇಷನ್ ಬೇಕಾಗಲೇ ಇಲ್ಲ ಅಂತ ಬರೆದುಬಿಟ್ಟೆ. ನಮ್ಮ ಅಜ್ಜಿಗೆ ಹಾಗಾಗಲಿ ಅಂತ ನನಗೆ ಅಷ್ಟು ಆಸೆಯಿತ್ತು. ಮೂರನೇ ಬೆಂಚಿನಲ್ಲಿ ಅಜ್ಜಿ ಎದ್ದು ನಿಂತಳು.

ಆ ರಾತ್ರಿ ಅವಳು ಎರಡು ಮುದ್ದೆ ಉಂಡಳು. ಉಂಡು ಕೈತೊಳೆದು, ನಮ್ಮೆಲ್ಲರ ಮುಂದೆ, ಆಪರೇಷನ್ ಬೇಡ, ಒಂಬತ್ತು ಬುಧವಾರದ ಹರಕೆ ಹೊತ್ತಿದ್ದೀನಿ, ಒಂಬತ್ತೂ ಆಗ್ಲಿ ಆಮ್ಯಾಕೆ ನೋಡಾನ ಅಂದಳು. ಆಗಸ್ಟ್ ಆರಕ್ಕೆ ಒಂಬತ್ತನೆಯದು. ಅಪ್ಪ ಮೊದಲು ಕೂಗಾಡಿದರು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನೀನಾದ್ರೂ ಬುದ್ಧಿ ಹೇಳು ಅಂತ ಅಪ್ಪ ಗೋಗರೆದಾಗ ಅಮ್ಮ ಹೇಳಿದ್ದು ಇಷ್ಟು: ‘ಅವತ್ತು ಅಂಥದ್ದೇ ಒಂದು ಕಾಗದ ತಾನೇ ನನ್ನ ಉಳಿಸಿದ್ದು. ಈಗ ನಿಮ್ಮಮ್ಮನಿಗೆ ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ?’

ಆ ಕಥೆ ನಿಮಗೂ ಗೊತ್ತು. ನನಗಿಂತ ಮುಂಚೆ ಎರಡು ಬಸಿರು ನಿಲ್ಲದೆ, ನನ್ನ ಸಲ ಅಮ್ಮ ಕೊನೆಯ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಇದೂ ಉಳಿಯುವುದಿಲ್ಲ ಅಂತ ಅನ್ನ ನೀರು ಬಿಟ್ಟಿದ್ದಳು. ಒಂದು ಬುಧವಾರ ಅಜ್ಜಿ ಚರ್ಚಿನಿಂದ ಓಡಿಬಂದು, ನಿನ್ನ ಹಾಗೇ ಎರಡು ಕಳೆದುಕೊಂಡ ಒಬ್ಬಳಿಗೆ ಹೆಣ್ಣು ಮಗು ಆಯ್ತಂತೆ, ತಾಯಿ ಮಗು ಇಬ್ಬರೂ ಸುಖವಾಗಿದ್ದಾರಂತೆ, ಈಗ ತಾನೇ ಕಾಗದ ಓದಿದರು ಅಂದಳು. ಅಮ್ಮ ಆ ರಾತ್ರಿ ನಿದ್ದೆ ಮಾಡಿದಳು. ನಾನು ಹುಟ್ಟಿದೆ. ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಪಾಯಸದ ಜೊತೆ ಈ ಕಥೆ ಬಡಿಸುತ್ತಾರೆ. ಅಂಥ ಮನೆಯಲ್ಲಿ ನಾನು ಸುಳ್ಳು ಕಾಗದ ಬರೆದಿದ್ದೆ.

ಮೂರು ಬುಧವಾರ ಬಾಯಿ ಬಿಡಲಿಲ್ಲ. ಗಂಟು ಬೆಳೆಯುತ್ತಿದೆಯಾ ಅಂತ ಅಜ್ಜಿ ಮಲಗಿದ್ದಾಗ ಹತ್ತಿರ ಕೂತು ನೋಡುತ್ತಿದ್ದೆ. ಕೊನೆಗೆ ಪಾಪನಿವೇದನೆಗೆ ಹೋದೆ. ಅಲ್ಲಿಯೇ ನಾನು ಮಾಡಬಾರದ ದಡ್ಡತನ ಮಾಡಿದ್ದು. ಫಾದರನ್ನು ಹೊರಗೆ ಹುಣಸೆ ಮರದ ಕಟ್ಟೆಯ ಮೇಲೆ ಕೂರಿಸಿ ಹೇಳಿದ್ದರೆ ಅವರು ನೇರ ಅಜ್ಜಿಯ ಹತ್ತಿರ ಹೋಗುತ್ತಿದ್ದರು. ನಾನು ನಾಚಿಕೆಗೆ ಪರದೆಯ ಹಿಂದೆ ಮಂಡಿಯೂರಿ ಹೇಳಿದೆ. ಒಳಗೆ ಕೇಳಿದ್ದನ್ನು ಅವರು ಸತ್ತರೂ ಹೊರಗೆ ಹೇಳುವ ಹಾಗಿಲ್ಲ, ಕೇಳಿದ ಹಾಗೆ ತೋರಿಸಿಕೊಳ್ಳುವ ಹಾಗೂ ಇಲ್ಲ. ಅಜ್ಜಿಯನ್ನು ಒಪ್ಪಿಸಬಲ್ಲ ಒಬ್ಬರೇ ಒಬ್ಬರ ಬಾಯಿಗೆ ನಾನೇ ಬೀಗ ಹಾಕಿದೆ. ಫಾದರ್ ಕ್ಷಮೆಯ ಪ್ರಾರ್ಥನೆ ಹೇಳಿದರು. ದೇವರು ಕ್ಷಮಿಸಿದ್ದಾರಮ್ಮ, ಆದರೆ ಅಜ್ಜಿಯ ಗಂಟಲು ಹಾಗೇ ಇದೆ, ಅದು ನಿನ್ನ ಕೆಲಸ ಅಂದರು. ಮುಂದಿನ ಬುಧವಾರ ನನ್ನನ್ನು ನೋಡಿ ಎಂದಿನಂತೆ ನಕ್ಕು, ಚೀಟಿ ಎಲ್ಲ ವಿಂಗಡಿಸಿ ಆಯ್ತಾ ಅಂತ ಕೇಳಿದರು. ಆ ನಗು ನೋಡಿ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಲಸಂದೆ ಕಾಳು ಸುಲಿಯುತ್ತಿದ್ದಳು. ಅಜ್ಜಿ, ಆ ಗಂಟಲಿನ ಕಾಗದ ಬರೆದವಳು ನಾನು, ಅಂಥ ಹೆಂಗಸೇ ಇಲ್ಲ, ನಾನೇ ಕಟ್ಟಿದ್ದು ಅಂದೆ. ಬೈಯುತ್ತಾಳೆ, ಹೊಡೆಯುತ್ತಾಳೆ, ಅಳುತ್ತಾಳೆ, ಎಲ್ಲಕ್ಕೂ ಸಿದ್ಧವಾಗಿದ್ದೆ. ಅವಳು ಕಾಳು ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ‘ನೀನ್ ಬರದ್ರೇನು, ಬರ್ಸಿದೋಳು ಅವ್ಳು. ಇಲ್ದಿದ್ರೆ ನೀನು ಗಂಟ್ಲು ಅಂತಾನೇ ಯಾಕ್ ಬರೀತಿದ್ದೆ?’ ಅಂದಳು. ನಾನು ಆಣೆ ಮಾಡಿದೆ. ನನಗೆ ನಂಬಿಕೆಯೇ ಇಲ್ಲ ಅಜ್ಜಿ, ನಂಬಿಕೆ ಇಲ್ಲದವಳ ಕೈಯಲ್ಲಿ ಮಾತೆ ಯಾಕೆ ಬರೆಸುತ್ತಾಳೆ ಅಂದೆ. ಅದಕ್ಕೆ, ಕತ್ತೆ ಬೆನ್ನ ಮ್ಯಾಲೂ ಸ್ವಾಮಿ ಕೂತು ಬರ್ಲಿಲ್ವಾ ಅಂತ ಕೇಳಿದಳು. ಗರಿಗಳ ಭಾನುವಾರ ಚರ್ಚಿನಲ್ಲಿ ಓದುವ ವಾಚನವನ್ನೇ ನನ್ನ ಮೇಲೆ ತಿರುಗಿಸಿ, ಒಂದೇ ಮಾತಿನಲ್ಲಿ ನನ್ನನ್ನು ಕತ್ತೆ ಮಾಡಿ, ಕಾಳಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ಸಿಪ್ಪೆಯ ರಾಶಿಯ ಮುಂದೆ ಕೂತೇ ಇದ್ದೆ. ನಾನು ಹೇಳಿದ ಸುಳ್ಳನ್ನು ವಾಪಸ್ಸು ತೆಗೆದುಕೊಳ್ಳಲು ನನಗೇ ಆಗುತ್ತಿರಲಿಲ್ಲ.

ಅಪ್ಪ ಡಾಕ್ಟರಿಗೆ ಫೋನು ಮಾಡಿದರು. ಇನ್ನು ಕಾಯಿಸಿದರೆ ಪಕ್ಕಕ್ಕೆ ಹರಡಬಹುದು, ಒಂಬತ್ತು ವಾರವೆಲ್ಲ ಆಗುವುದಿಲ್ಲ ಅಂದರಂತೆ. ನಾಲ್ಕು ಬುಧವಾರ ಆಗಿಹೋಗಿತ್ತು. ಆಗ ನನಗೆ ಒಂದು ವಿಷಯ ಹೊಳೆಯಿತು. ಮನೆಯಲ್ಲಿ ಹೇಳಿದ್ದನ್ನು ಅಜ್ಜಿ ಕೇಳುವುದಿಲ್ಲ. ಅವಳು ಕೇಳುವುದು ಮೈಕಿನಲ್ಲಿ ಓದಿದ್ದನ್ನು.

ಈ ಸಲ ಫಾದರನ್ನು ಹುಣಸೆ ಕಟ್ಟೆಯ ಮೇಲೆ ಕೂರಿಸಿ, ಮೊದಲಿನಿಂದ ಮತ್ತೆ ಎಲ್ಲ ಹೇಳಿದೆ. ಅವರು ಮೊದಲ ಸಲ ಕೇಳುತ್ತಿರುವ ಹಾಗೆಯೇ ಪೂರ್ತಿ ಕೇಳಿದರು. ಜುಲೈ ಒಂಬತ್ತರಂದು ನನ್ನ ಹೆಸರು ಹಾಕಿದ ಒಂದು ಬೇಡಿಕೆ ಓದುತ್ತೇನೆ, ಅಪ್ಪಣೆ ಕೊಡಿ ಅಂದೆ. ಜನ ಸುಮ್ಮನೆ ಬಿಡಲ್ಲಮ್ಮ ಅಂದರು. ಗೊತ್ತು ಅಂದೆ. ಅವರು, ಮೈಕು ಸರಿಯಾಗಿದೆಯಾ ಮೊದಲೇ ನೋಡಿಕೊ ಅಂತ ಹೇಳಿ ಎದ್ದರು.

ಅವತ್ತು ಎಲ್ಲ ಚೀಟಿ ಓದಿ ಮುಗಿಸಿ ಕೊನೆಗೆ ನನ್ನದನ್ನು ತೆಗೆದೆ. ಅದನ್ನು ನಿಮಗಾಗಿ ಇಲ್ಲಿ ಪೂರ್ತಿ ನಕಲು ಮಾಡುತ್ತಿದ್ದೇನೆ:

‘ಮಾತೆ, ನನ್ನ ಹೆಸರು ಅಮಲಾ. ಈ ವರ್ಷ ಇಲ್ಲಿ ಓದಿದ ಕೃತಜ್ಞತಾ ಪತ್ರಗಳಲ್ಲಿ ಎಂಟನ್ನು ನಾನೇ ಬರೆದೆ. ಅಂಥ ಜನ ಇಲ್ಲ, ಅಂಥದ್ದು ನಡೆದಿಲ್ಲ. ಗಂಟಲಿನ ಗಂಟು ಕರಗಿದ್ದೂ ಸುಳ್ಳು. ಕೇಳಿ ಸಂತೋಷಪಟ್ಟವರೆಲ್ಲರ ಕ್ಷಮೆ ಕೇಳುತ್ತೇನೆ. ನನ್ನ ಅಜ್ಜಿ ಆ ಕಾಗದ ನಂಬಿ ಆಪರೇಷನ್ ಬಿಟ್ಟಿದ್ದಾಳೆ. ಅವಳು ಹೋಗಿ ಮಾಡಿಸಿಕೊಳ್ಳಲಿ, ಎಚ್ಚರವಾಗಿ ಎದ್ದು ಬರಲಿ, ಇದು ನನ್ನ ಬೇಡಿಕೆ. ನೀನು ಕೇಳುತ್ತೀಯೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ. ಮೂರನೇ ಬೆಂಚಿನಲ್ಲಿ ಕೂತಿರುವ ಅಂತೋಣಮ್ಮ ಕೇಳುತ್ತಾಳೆ ಅಂತ ಗೊತ್ತು. ಅಜ್ಜಿ, ನಿನಗೆ ಕೈಮುಗಿಯುತ್ತೇನೆ.’

ಆಮೇಲೆ ಎಡಗಡೆಯ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ಅಜ್ಜಿ ಅಲ್ಲಾಡದೆ ಕೂತಿದ್ದಳು, ಮುಖ ಕಲ್ಲು. ಅವಳ ಪಕ್ಕ ಕೊಡಿಗೇಹಳ್ಳಿಯ ಲಕ್ಷ್ಮಿದೇವಮ್ಮ ಇದ್ದರು. ನಿಮಗೆ ನೆನಪಿರಬೇಕು, ಮನೆಯಲ್ಲಿ ಮುನೇಶ್ವರನಿಗೆ ಪೂಜೆ ಮಾಡಿ ಬುಧವಾರ ಬಸ್ಸು ಹಿಡಿದು ಇಲ್ಲಿ ಮೇಣದಬತ್ತಿ ಹಚ್ಚಲು ಬರುವವರು. ಅವರು ಅಜ್ಜಿಯ ಮೊಣಕೈ ತಿವಿದು, ಇಡೀ ಚರ್ಚಿಗೆ ಕೇಳುವ ಹಾಗೆ, ‘ಏಳಮ್ಮೋ, ಮಗು ಅಷ್ಟ್ ದೊಡ್ ಮೈಕಲ್ಲಿ ಕೈ ಮುಗೀತಾವ್ಳೆ, ಇಂಗೇ ಕುಂತಿದೀಯಲ್ಲ’ ಅಂದರು. ಅಜ್ಜಿ ಎದ್ದಳು. ನನ್ನ ಕಡೆ ನೋಡದೆ ಹೊರಗೆ ಹೋದಳು.

ಆಟೋದಲ್ಲಿ ಮನೆಗೆ ಬಂದೆವು. ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಬಿಡುತ್ತಾ, ನಿಮ್ಮಪ್ಪಂಗೆ ಹೇಳು, ಡಾಕ್ಟ್ರ ಹತ್ರ ದಿನ ಕೇಳ್ಲಿ ಅಂದಳು. ಇದನ್ನೂ ಮಾತೆ ಬರೆಸಿದಳು ಅನ್ನುತ್ತೀಯಾ ಅಂತ ಕೇಳದೆ ನನಗೆ ಇರಲಾಗಲಿಲ್ಲ. ಅಜ್ಜಿ ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟಳು. ‘ಅದು ನಂಗೊತ್ತಿಲ್ಲ ಮಗ. ನೀನ್ ಕೇಳ್ದೆ. ಎಲ್ರ ಮುಂದೆ ಮಾನ ಬಿಟ್ಟು ಕೇಳ್ದೆ. ಇಲ್ಲ ಅನ್ನಕ್ಕೆ ನಂಗಾಗ್ನಿಲ್ಲ’ ಅಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಪಕ್ಕದಲ್ಲಿ ಕೂತು ಸೆರಗು ಕೊಟ್ಟಳು.

ಆಮೇಲಿನದನ್ನು ನೀವೇ ನೋಡಿದ್ದೀರಿ. ಹರಡಲು ಶುರುವಾಗಿದ್ದ ಗಂಟನ್ನು ಪೂರ್ತಿ ತೆಗೆದಿದ್ದಾರೆ, ಇನ್ನೊಂದು ಚಿಕಿತ್ಸೆ ಬಾಕಿ ಇದೆ. ಧ್ವನಿಯ ನರದ ಹತ್ತಿರ ಬಂದುಬಿಟ್ಟಿತ್ತು, ಒಂದು ತಿಂಗಳ ಹಿಂದೆ ಬಂದಿದ್ದರೆ ಕೆಲಸ ಸುಲಭವಿತ್ತು ಅಂತ ಡಾಕ್ಟರು ಅಪ್ಪನಿಗೆ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಒಂದು ತಿಂಗಳು ನನ್ನದು ಅತ್ತೆ. ನಿಮ್ಮ ಅಮ್ಮನ ಧ್ವನಿ ತಿರುಗಿ ಬರದಿದ್ದರೆ ಅದೂ ನನ್ನದೇ. ನೀವು ಏನು ಬೈದರೂ ಕೇಳುತ್ತೇನೆ.

ಚರ್ಚಿನ ಸುದ್ದಿ ಇನ್ನಷ್ಟಿದೆ. ಮಂಡಳಿಯ ಇಬ್ಬರು ಇವಳನ್ನು ಇನ್ನು ಮೈಕಿನ ಹತ್ತಿರ ಬಿಡಬಾರದು ಅಂದರು. ಫಾದರ್ ಒಂದು ತಿಂಗಳು ಬೀಗದ ಕೈ ತೆಗೆದುಕೊಂಡರು. ಈಗ ಗಾಯನವೃಂದದ ಸ್ಟೀಫನ್ ಅಂಕಲ್ ಓದುತ್ತಾರೆ, ಪ್ರತಿ ಚೀಟಿಗೂ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಜ್ಜಿ ಆಸ್ಪತ್ರೆಯಲ್ಲಿದ್ದ ಬುಧವಾರ, ಮನೆಯಲ್ಲಿ ಮಲಗಿದ್ದ ಬುಧವಾರ, ಹರಕೆ ತಪ್ಪಬಾರದು ಅಂತ ನಾನು ಬೆಂಚಿನಲ್ಲಿ ಕೂತು ಫೋನನ್ನು ಸ್ಪೀಕರಿನ ಕಡೆ ಎತ್ತಿ ಹಿಡಿದಿದ್ದೆ. ಕೈ ಮರಗಟ್ಟಿ ಹೋಯಿತು. ನಾನು ತಪ್ಪೊಪ್ಪಿಕೊಂಡ ಮರುವಾರವಂತೂ ಪೆಟ್ಟಿಗೆಯಲ್ಲಿ ಹನ್ನೊಂದು ಕೃತಜ್ಞತೆಯ ಚೀಟಿಗಳಿದ್ದವಂತೆ. ನಮ್ಮದು ನಿಜ ಅಂತ ತೋರಿಸಲು ಎಲ್ಲರೂ ಹೆಸರು, ವಿಳಾಸ, ಫೋನ್ ನಂಬರು ಹಾಕಿದ್ದಾರೆ. ಒಬ್ಬರು ಆಧಾರ್ ಜೆರಾಕ್ಸ್ ಕೂಡ ಪಿನ್ ಮಾಡಿದ್ದಾರೆ. ಅಷ್ಟು ಜನರಿಗೆ ಅಷ್ಟೊಂದು ಸಿಕ್ಕಿತ್ತು, ಹೇಳಲು ಪುರುಸೊತ್ತಿರಲಿಲ್ಲ ಅಷ್ಟೇ.

ಸುಗ್ರಾ ಅವರಿಗೆ ಮುಖ ತೋರಿಸಲು ನಾನು ಹೆದರಿದ್ದೆ. ಅವರೇ ಗೇಟಿನ ಹತ್ತಿರ ನಿಲ್ಲಿಸಿ, ಎರಡು ವರ್ಷ ನನ್ನ ಚೀಟಿ ಓದಿದ್ದು ನೀನೇನಮ್ಮ ಅಂತ ಕೇಳಿದರು. ಹೌದು ಅಂದೆ. ಎಲ್ಲಾನೂ ಓದಿದ್ಯಾ ಅಂದರು. ಎಲ್ಲಾನೂ ಅಂದೆ. ಅವರು ನನ್ನ ತಲೆ ಮೇಲೆ ಕೈಯಿಟ್ಟು ಹೋದರು. ಮಗ ಇನ್ನೂ ಮಾತಾಡಿಲ್ಲ. ಹೋದ ವಾರ ಹಸಿರು ಇಂಕಿನ ಚೀಟಿ ಮತ್ತೆ ಬಂತು ಅಂತ ಸ್ಟೀಫನ್ ಅಂಕಲ್ ಹೇಳಿದರು, ಅವರಿಗೆ ಆ ಕೈಬರಹ ಓದಲಾಗುವುದಿಲ್ಲವಂತೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನನಗೆ ನಲವತ್ತು ದಿನವಾಗಿದ್ದಾಗ ಜ್ಞಾನಸ್ನಾನದಲ್ಲಿ ನೀವು ಜ್ಞಾನತಾಯಿಯಾಗಿ ನನ್ನನ್ನು ಎತ್ತಿಕೊಂಡು ನನ್ನ ಪರವಾಗಿ ‘ನಂಬುತ್ತೇನೆ’ ಅಂದಿರಿ. ದೃಢೀಕರಣದಲ್ಲಿ ಬಿಷಪರ ಮುಂದೆ ಅದನ್ನು ನಾನೇ ನನ್ನ ಬಾಯಿಂದ ಹೇಳಬೇಕು, ನೀವು ಹಿಂದೆ ನಿಂತು ನನ್ನ ಹೆಗಲ ಮೇಲೆ ಕೈಯಿಡಬೇಕು. ಎಂಟು ಸುಳ್ಳು ಹೇಳಿದ ಬಾಯಿಂದ ಒಂಬತ್ತನೆಯದು ಬೇಡ ಅಂತ ಹೆಸರು ಕೊಟ್ಟಿಲ್ಲ. ನನಗೆ ನಂಬಿಕೆ ಬಂದಿಲ್ಲ ಅತ್ತೆ. ಹೋಗಿಯೂ ಇಲ್ಲ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದಾಗ ನಾನು ಬೇಡಿಕೊಂಡೆ, ಯಾರನ್ನು ಅಂತ ಕೇಳಿದರೆ ಹೇಳಲಾರೆ. ಅಜ್ಜಿ ಕಣ್ಣು ಬಿಟ್ಟಾಗ ಬಾಯಿಂದ ತಾನಾಗಿ ವಂದನೆ ಬಂತು. ಇದನ್ನು ನಂಬಿಕೆ ಅನ್ನುತ್ತಾರಾ, ಅಭ್ಯಾಸ ಅನ್ನುತ್ತಾರಾ ಅಂತ ನನಗೆ ತಿಳಿಯದು.

ಬರುವ ಬುಧವಾರ ಅಜ್ಜಿಯ ಒಂಬತ್ತನೆಯದು. ಅದಕ್ಕೆ ನನ್ನ ಕೈಯಲ್ಲಿ ಒಂದು ಕೃತಜ್ಞತಾ ಪತ್ರ ಬರೆಸಿದ್ದಾಳೆ. ಅವಳು ಪಿಸುಗುಟ್ಟಿದಳು, ನಾನು ಒಂದಕ್ಷರವೂ ಸೇರಿಸದೆ ಬರೆದೆ. ಹೆಸರು ಹಾಕಿಸಿದ್ದಾಳೆ, ಆಸ್ಪತ್ರೆಯ ಬಿಲ್ಲಿನ ಜೆರಾಕ್ಸ್ ಪಿನ್ ಮಾಡು ಅಂತಲೂ ಹೇಳಿದ್ದಾಳೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಬೈಯುವುದಿದ್ದರೆ ಕಾಗದದಲ್ಲೇ ಬೈಯಿರಿ, ಇಟ್ಟುಕೊಳ್ಳುತ್ತೇನೆ.

ನಿಮ್ಮ ಹೆಗಲ ಮೇಲೆ ಬೆಳೆದವಳು,
ಅಮಲಾ

ಮರೆತ ಮಾತು: ಫಾದರ್ ನನಗೆ ಪ್ರಾಯಶ್ಚಿತ್ತವಾಗಿ ಪೀಠದ ಹಿಂದಿನ ಕೋಣೆಯ ಕಪಾಟು ಒಪ್ಪಮಾಡಲು ಹೇಳಿದ್ದರು. ಪ್ರತಿ ವರ್ಷ ಹಬ್ಬಕ್ಕೆ ಹಳೆಯ ಚೀಟಿಗಳನ್ನು ಸುಡುತ್ತಾರಲ್ಲ, ಕೆಳಗಿನ ಖಾನೆಯ ಹಿಂದೆ ಬಿದ್ದಿದ್ದ ಒಂದು ಕಟ್ಟು ಮಾತ್ರ ಸುಡದೆ ಉಳಿದಿತ್ತು. ಅದರಲ್ಲಿ ಎರಡು ಬಸಿರು ಕಳೆದುಕೊಂಡವಳಿಗೆ ಹೆಣ್ಣು ಮಗು ಆಯಿತು, ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ, ಮಾತೆಗೆ ಕೋಟಿ ವಂದನೆ ಎಂಬ ಕಾಗದ ಸಿಕ್ಕಿತು. ಮೇಲೆ 20 ಫೆಬ್ರುವರಿ 2008 ಅಂತ ತಾರೀಖಿದೆ. ನಾನು ಹುಟ್ಟಿದ್ದು ಮಾರ್ಚ್ ಹದಿನಾಲ್ಕಕ್ಕೆ. ಅಕ್ಷರ ನಿಮ್ಮದು ಅತ್ತೆ. ಅಮ್ಮನಿಗೆ ತೋರಿಸಿಲ್ಲ, ಅಜ್ಜಿಗೆ ಓದಲು ಬರುವುದಿಲ್ಲ, ಕಾಗದ ನನ್ನ ಫಿಸಿಕ್ಸ್ ಪುಸ್ತಕದೊಳಗಿದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಒಂದನ್ನು ಮಾತ್ರ ಹೇಳಿ, ಅದನ್ನು ಬರೆಯುವಾಗ ನಾನು ಹುಟ್ಟುತ್ತೇನೆ ಅಂತ ನಿಮಗೆ ನಂಬಿಕೆಯಿತ್ತಾ? ದೃಢೀಕರಣಕ್ಕೆ ಹೆಸರು ಕೊಡಲು ಆಗಸ್ಟ್ ಮೂವತ್ತೊಂದು ಕೊನೆಯ ದಿನ. ಅಷ್ಟರೊಳಗೆ ಬರೆಯಿರಿ.